ಒಂದೇ ಬೋರ್ಡು, ಎರಡು ಅಂಗಡಿ: ‘ಅಭಿನವ ಭಾರತ’ದ ಹಿಂದೆ ಏನಿದೆ?

ಓಣಿಮನೆ:
ನನ್ನ ಅಕ್ಕನ ಮಗ ಕೆಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದಾನೆ. ಮೊನ್ನೆ ಕೇಳಿದ, ‘ಮಾಮಾ, ಅಭಿನವ ಭಾರತ ಅಂದ್ರೆ ಸಾವರ್ಕರ್ ಕಟ್ಟಿದ್ದು, 1904 ಅಂತ ಗೈಡಿನಲ್ಲಿದೆ. ಪೇಪರಿನಲ್ಲಿ ನೋಡಿದರೆ ಮಾಲೆಗಾಂವ್ ಬಾಂಬ್ ಕೇಸಿನಲ್ಲೂ ಅದೇ ಹೆಸರು. ಅಷ್ಟು ವರ್ಷ ಬದುಕಿತ್ತಾ ಅದು?’

ಬದುಕಿರಲಿಲ್ಲ. ಮೊದಲನೆಯದು ನಾಸಿಕದ ಗುಪ್ತ ಸಂಘ. ಇಟಲಿಯ ಮಾಟ್ಸಿನಿಯ ‘ಯಂಗ್ ಇಟಲಿ’ ನೋಡಿ ಇಟ್ಟ ಹೆಸರು. 1909ರಲ್ಲಿ ಅನಂತ ಕಾನ್ಹೇರೆ ಎಂಬ ಹುಡುಗ ನಾಸಿಕದ ಕಲೆಕ್ಟರ್ ಜಾಕ್ಸನ್‌ನನ್ನು ನಾಟಕದ ಥಿಯೇಟರಿನಲ್ಲೇ ಗುಂಡಿಟ್ಟು ಕೊಂದ. ಆ ಪ್ರಕರಣ ಸುತ್ತಿಕೊಂಡೇ ಸಾವರ್ಕರ್ ಅಂಡಮಾನಿಗೆ ಹೋಗಿದ್ದು. ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ, ಇನ್ನು ಇದರ ಕೆಲಸ ಮುಗಿಯಿತು ಎಂದು ಅವರೇ ಅದನ್ನು ವಿಸರ್ಜಿಸಿದರು.

ಎರಡನೆಯದು 2006ರ ಸುಮಾರಿಗೆ ಪುಣೆಯಲ್ಲಿ ಹುಟ್ಟಿತು. 2008ರ ಹೊತ್ತಿಗೆ ಅದರ ಅಧ್ಯಕ್ಷೆ ಹಿಮಾನಿ ಸಾವರ್ಕರ್. ಅವರು ಸಾವರ್ಕರ್ ತಮ್ಮನ ಸೊಸೆ, ಹಾಗೇ ಗಾಂಧಿ ಕೊಂದ ನಾಥೂರಾಮನ ತಮ್ಮ ಗೋಪಾಲ ಗೋಡ್ಸೆಯ ಮಗಳು. ಎರಡೂ ಮನೆತನ ಒಂದೇ ಜಗುಲಿಯಲ್ಲಿ ಕೂತ ಹಾಗೆ. ಅದೇ ವರ್ಷ ಸೆಪ್ಟೆಂಬರ್ 29ಕ್ಕೆ ಮಾಲೆಗಾಂವ್‌ನಲ್ಲಿ ಬೈಕಿಗೆ ಕಟ್ಟಿದ್ದ ಬಾಂಬು ಸಿಡಿದು 6 ಜನ ಸತ್ತರು. 2025ರ ಜುಲೈ 31ರಂದು ಮುಂಬೈಯ ವಿಶೇಷ ಕೋರ್ಟು 7 ಆರೋಪಿಗಳನ್ನೂ ಬಿಡುಗಡೆ ಮಾಡಿತು.

ನನ್ನ ಪ್ರಶ್ನೆ ಇಷ್ಟೇ. ಮೊದಲನೆಯದಕ್ಕೂ ಎರಡನೆಯದಕ್ಕೂ ನಿಜವಾದ ನಂಟಿದೆಯಾ, ಅಥವಾ ಬೋರ್ಡು ಮಾತ್ರ ಸಾಲ ತಂದಿದ್ದಾ?

ಶಾಖೆಗೆ ಹೋದವ:
ನಾನು ಎಂಟು ವರ್ಷ ಆರೆಸ್ಸೆಸ್ ಶಾಖೆಗೆ ಹೋದವನು, ಹೆಸರಲ್ಲೇ ಹೇಳಿದ್ದೇನೆ. ಮೊದಲನೆಯದು ಬ್ರಿಟಿಷರ ವಿರುದ್ಧ ಇತ್ತು. ಅದನ್ನು ತೀವ್ರವಾದದ ಪಟ್ಟಿಗೆ ಸೇರಿಸಿದರೆ ಭಗತ್ ಸಿಂಗ್ ಅವರನ್ನೂ ಸೇರಿಸಬೇಕಾಗುತ್ತದೆ. ಎರಡನೆಯದರ ಬಗ್ಗೆ ಕೋರ್ಟೇ ತೀರ್ಪು ಕೊಟ್ಟಿದೆ. ‘ಕೇಸರಿ ಭಯೋತ್ಪಾದನೆ’ ಅಂತ 2010ರಲ್ಲಿ ಗೃಹಮಂತ್ರಿ ಚಿದಂಬರಂ ಹೇಳಿದರು. ಸಮಝೌತಾ ರೈಲು ಸ್ಫೋಟದ ಕೇಸು, ಹೈದರಾಬಾದಿನ ಮೆಕ್ಕಾ ಮಸೀದಿ ಸ್ಫೋಟದ ಕೇಸು, ಈಗ ಮಾಲೆಗಾಂವ್, ಎಲ್ಲವೂ ಬಿದ್ದುಹೋದವು. ಹದಿನೇಳು ವರ್ಷ ಹಾಳಾದವರಿಗೆ ಯಾರು ಉತ್ತರ ಕೊಡುತ್ತಾರೆ?

ವಕೀಲರ ಡೈರಿ:
ಬಿದ್ದುಹೋದವು ನಿಜ. ಆದರೆ ‘ಎಲ್ಲವೂ’ ಅನ್ನಬೇಡಿ ಸರ್. ಅಜ್ಮೇರ್ ದರ್ಗಾ ಸ್ಫೋಟದಲ್ಲಿ 2017ರಲ್ಲಿ ಇಬ್ಬರಿಗೆ ಜೀವಾವಧಿ ಆಗಿದೆ. ಅದೇ ತೀರ್ಪಿನಲ್ಲಿ ಇನ್ನೊಬ್ಬ ಆರೋಪಿ ಸ್ವಾಮಿ ಅಸೀಮಾನಂದರಿಗೆ ಬಿಡುಗಡೆ ಆಗಿದೆ, ಅದನ್ನೂ ಹೇಳುತ್ತೇನೆ. ಠಾಣೆಯ ನಾಟಕಗೃಹದಲ್ಲಿ 2008ರಲ್ಲಿ ಇಟ್ಟ ಬಾಂಬಿಗೆ 2011ರಲ್ಲಿ ಇಬ್ಬರಿಗೆ ಶಿಕ್ಷೆ ಆಯಿತು. ಮೂಢನಂಬಿಕೆ ವಿರುದ್ಧ ಹೋರಾಡುತ್ತಿದ್ದ ನರೇಂದ್ರ ದಾಭೋಲ್ಕರ್ ಕೊಲೆಯಲ್ಲಿ 2024ರ ಮೇ ತಿಂಗಳಲ್ಲಿ ಇಬ್ಬರಿಗೆ ಜೀವಾವಧಿ, ಮೂವರಿಗೆ ಬಿಡುಗಡೆ.

ಕೋರ್ಟಿನಲ್ಲಿ ದಿನಾ ನೋಡುವವನಾಗಿ ಒಂದು ಮಾತು. ಬಿಡುಗಡೆ ಅಂದರೆ ಸಾಕ್ಷ್ಯ ಸಾಲಲಿಲ್ಲ ಅಂತ. ಆರೋಪಿಯನ್ನು ಆಮೇಲೆ ಅಪರಾಧಿ ಅನ್ನುವ ಹಾಗಿಲ್ಲ, ಅದು ಸರಿ. ಆದರೆ ಮಾಲೆಗಾಂವ್‌ನ ಆ 6 ಜನ ಬದುಕಿ ಬರಲಿಲ್ಲ. ಅವರನ್ನು ಕೊಂದವರು ಯಾರು ಅಂತ ಇವತ್ತಿಗೂ ಯಾವ ಕೋರ್ಟೂ ಹೇಳಿಲ್ಲ.

ಸುಮ್ನೆ ಓದುಗ:
ಇಷ್ಟೆಲ್ಲ ಯಾಕೆ ಸುತ್ತುತ್ತೀರಿ? 1925, ನಾಗಪುರ, ಹೆಡಗೇವಾರ್ ಕಟ್ಟಿದ ಆರೆಸ್ಸೆಸ್. ಎಲ್ಲದರ ಮೂಲ ಅಲ್ಲೇ. ಮುಗೀತು.

ಓಣಿಮನೆ:
ಅಷ್ಟು ಸಲೀಸಲ್ಲ. ಲಾಹೋರಿನಲ್ಲಿ 1909ಕ್ಕೇ ಪಂಜಾಬ್ ಹಿಂದೂ ಸಭಾ ಇತ್ತು. 1915ರಲ್ಲಿ ಹರಿದ್ವಾರದಲ್ಲಿ ಹಿಂದೂ ಮಹಾಸಭಾ ಶುರುವಾಯಿತು. ಸಾವರ್ಕರ್ ‘ಹಿಂದುತ್ವ’ ಪುಸ್ತಕ ಬಂದಿದ್ದು 1923ರಲ್ಲಿ. ಯಾರಿಗೆ ಈ ನೆಲ ಪಿತೃಭೂಮಿಯೂ ಹೌದು, ಪುಣ್ಯಭೂಮಿಯೂ ಹೌದು, ಅವನೇ ಹಿಂದೂ ಅನ್ನುವ ಲೆಕ್ಕ. ಮೆಕ್ಕಾ, ಜೆರುಸಲೇಂ ಕಡೆ ನೋಡುವವರು ಆ ಲೆಕ್ಕದಲ್ಲಿ ಹೊರಗೆ ಉಳಿದರು. ವಿಚಾರದ ಮೂಲ ಕೇಳಿದರೆ ನಾನು ಈ ಗೆರೆಯನ್ನೇ ತೋರಿಸುತ್ತೇನೆ.

ಹೆಡಗೇವಾರ್ ವಿಷಯ ಇನ್ನೂ ಸ್ವಾರಸ್ಯ. ಅವರು ಡಾಕ್ಟರ್ ಓದಲು ಕಲ್ಕತ್ತೆಗೆ ಹೋದವರು. ಅಲ್ಲಿ ಅನುಶೀಲನ ಸಮಿತಿಯ ಕ್ರಾಂತಿಕಾರಿಗಳ ಒಡನಾಟ ಇತ್ತು. ಆಮೇಲೆ ಕಾಂಗ್ರೆಸ್ಸಿನಲ್ಲಿ ಇದ್ದು ಜೈಲಿಗೂ ಹೋದರು. 1921ರ ಮಲಬಾರ್ ಗಲಭೆ, 1923ರಲ್ಲಿ ನಾಗಪುರದ ಮಸೀದಿ ಮುಂದೆ ವಾದ್ಯ ಬಾರಿಸುವ ಜಗಳ, ಇವೆಲ್ಲ ಆದ ಮೇಲೆ 1925ರ ವಿಜಯದಶಮಿಗೆ ಸಂಘ, ಅಂದರೆ ಆರೆಸ್ಸೆಸ್, ಶುರು ಮಾಡಿದರು. ಬಾಂಬಿನ ದಾರಿಯನ್ನು ಹತ್ತಿರದಿಂದ ಕಂಡವರು ಆರಿಸಿದ್ದು ಬಯಲು, ಲಾಠಿ, ಆಟ. ನಿಧಾನದ ದಾರಿ. ನನಗೆ ಅನ್ನಿಸುವುದು, ಈ ನಿಧಾನ ಸಹಿಸದವರು ಎದ್ದು ಹೊರಗೆ ಹೋದಾಗಲೆಲ್ಲ ಹೊಸ ಗುಂಪು ಹುಟ್ಟಿದೆ.

ಸುಮ್ನೆ ಓದುಗ:
ಹೆಡಗೇವಾರ್ ಗುರು ಮೂಂಜೆ 1931ರಲ್ಲಿ ರೋಮಿಗೆ ಹೋಗಿ ಮುಸ್ಸೋಲಿನಿಯನ್ನು ಕಂಡು ಬಂದು, 1937ರಲ್ಲಿ ನಾಸಿಕದಲ್ಲಿ ಮಿಲಿಟರಿ ಶಾಲೆ ತೆಗೆದರಲ್ಲ? ಅದೂ ಬರೀ ಆಟ, ಬಯಲಾ?

ಓಣಿಮನೆ:
ಅಲ್ಲ. ಸರಿಯಾದ ಜಾಗಕ್ಕೇ ಚುಚ್ಚಿದ್ದೀರಿ. ಮೂಂಜೆ ಮಹಾಸಭಾದ ನಾಯಕರು, ಆದರೆ ಆಗ ಮಹಾಸಭಾಕ್ಕೂ ಸಂಘಕ್ಕೂ ನಡುವೆ ಗೋಡೆ ಅಷ್ಟೇನೂ ಎತ್ತರ ಇರಲಿಲ್ಲ.

ಬೀದರ್ ಹುಡುಗ:
ನೀವೆಲ್ಲ ನಾಗಪುರ, ಪುಣೆ ಅಂತೀರಿ. ನಮ್ಮ ಕಡೆ ಬನ್ನಿ. 1938-39ರಲ್ಲಿ ನಿಜಾಮನ ವಿರುದ್ಧ ಆರ್ಯ ಸಮಾಜ, ಹಿಂದೂ ಮಹಾಸಭಾ ಸತ್ಯಾಗ್ರಹ ಮಾಡಿದವು. ನಾಥೂರಾಮ್ ಗೋಡ್ಸೆ ಆಗ ಪುಣೆಯಿಂದ ತಂಡ ಕಟ್ಟಿಕೊಂಡು ಬಂದು ಹೈದರಾಬಾದ್ ಜೈಲಿನಲ್ಲಿದ್ದ. ಅವನ ರಾಜಕೀಯ ಗಟ್ಟಿಯಾಗಿದ್ದರಲ್ಲಿ ನಮ್ಮ ಸೀಮೆಯ ಪಾಲೂ ಇದೆ ಅನ್ನೋದು ಎಷ್ಟು ಜನಕ್ಕೆ ಗೊತ್ತು?

ನಮ್ಮ ಮುತ್ಯಾ ಆರ್ಯ ಸಮಾಜದವರು, ಜೊತೆಗೆ ಸ್ಟೇಟ್ ಕಾಂಗ್ರೆಸ್ಸಿನವರು. ಎರಡೂ ಒಟ್ಟಿಗೆ ಆಗಬಹುದಿತ್ತು ಆಗ. 1948ರಲ್ಲಿ ಬಸವಕಲ್ಯಾಣದ ಹತ್ತಿರ ಗೋರ್ಟಾದಲ್ಲಿ ನಿಜಾಮನ ಪರ ಇದ್ದ ರಜಾಕಾರರು ಮಾಡಿದ ಕೊಲೆ ನೆನೆಸಿಕೊಂಡರೆ ಅವರ ದನಿ ನಡುಗುತ್ತಿತ್ತು. ಹೆದರಿಕೆ ಕಟ್ಟುಕತೆ ಅಲ್ಲ, ಅದು ಮನೆಬಾಗಿಲಿಗೆ ಬಂದಿತ್ತು.

ಇನ್ನೊಂದು ಅರ್ಧ ಮುತ್ಯಾ ಯಾವತ್ತೂ ಹೇಳಲಿಲ್ಲ, ನಾನೇ ಓದಿ ತಿಳಿದುಕೊಂಡೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಪೊಲೀಸ್ ಆಕ್ಷನ್ ಆಯಿತು, ಭಾರತದ ಸೇನೆ ನಿಜಾಮನ ರಾಜ್ಯಕ್ಕೆ ಬಂತು. ಆಮೇಲೆ ಮುಸ್ಲಿಮರ ಮೇಲೆ ಹತ್ಯೆ ನಡೆಯಿತು. ನೆಹರು ಕಳಿಸಿದ ಸುಂದರಲಾಲ್ ಸಮಿತಿ 27,000ದಿಂದ 40,000 ಜನ ಸತ್ತಿರಬಹುದು ಅಂತ ಅಂದಾಜು ಮಾಡಿತು. ಜಾಸ್ತಿ ಪೆಟ್ಟು ಬಿದ್ದ ಜಿಲ್ಲೆಗಳಲ್ಲಿ ನಮ್ಮ ಬೀದರ್, ಗುಲ್ಬರ್ಗ ಎರಡೂ ಇವೆ. ಆ ವರದಿ 2013ರವರೆಗೆ ಜನರ ಕೈಗೇ ಸಿಗಲಿಲ್ಲ. ಗೋರ್ಟಾದಲ್ಲಿ ಸ್ಮಾರಕ ಇದೆ, ಇರಲೇಬೇಕು. ಉಳಿದವರಿಗೆ ಒಂದು ಕಲ್ಲೂ ಇಲ್ಲ.

ಶಾಖೆಗೆ ಹೋದವ:
ಬೀದರ್‌ನವರ ಮಾತಿಗೆ ನಾನು ಎದುರಾಡುವುದಿಲ್ಲ. ಗೋಡ್ಸೆ ವಿಷಯ ಬಂತಲ್ಲ, ಅದಕ್ಕೆ ಹೇಳುತ್ತೇನೆ. ಪಟೇಲರೇ 1948ರ ಫೆಬ್ರವರಿ 27ರಂದು ನೆಹರು ಅವರಿಗೆ ಬರೆದ ಪತ್ರ ಇದೆ. ಗಾಂಧಿ ಕೊಲೆಯ ಸಂಚಿನಲ್ಲಿ ಸಂಘದ ಕೈ ಇರಲಿಲ್ಲ, ಸಾವರ್ಕರ್ ಕೈಕೆಳಗಿನ ಮಹಾಸಭಾದ ಒಂದು ಮತಾಂಧ ಗುಂಪು ಮಾಡಿದ್ದು ಅಂತ. ಸಾವರ್ಕರ್ ಕೂಡ ಕೋರ್ಟಿನಲ್ಲಿ ಖುಲಾಸೆ ಆದರು. ಇಷ್ಟಾದರೂ ಇವತ್ತಿಗೂ ಶಾಖೆಗೆ ಹೋಗುವ ಹುಡುಗನಿಗೆ ‘ಗಾಂಧಿ ಕೊಂದವರು’ ಅಂತ ಬೈಯುತ್ತಾರೆ. ನನಗೂ ಕಾಲೇಜಿನಲ್ಲಿ ಅಂದಿದ್ದಾರೆ.

ಓಣಿಮನೆ:
ಆ ಪತ್ರ ನಿಜ. ಅದೇ ಪಟೇಲರು ಅದೇ ವರ್ಷ ಜುಲೈ 18ಕ್ಕೆ ಶ್ಯಾಮಪ್ರಸಾದ ಮುಖರ್ಜಿಗೆ ಬರೆದದ್ದೂ ನಿಜ. ಆರೆಸ್ಸೆಸ್, ಮಹಾಸಭಾ ಎರಡರ ಚಟುವಟಿಕೆಯಿಂದ, ಅದರಲ್ಲೂ ಮೊದಲನೆಯದರಿಂದ, ಇಂಥ ದುರಂತ ನಡೆಯುವ ವಾತಾವರಣ ದೇಶದಲ್ಲಿ ಬಂತು ಅಂತ ಅದರಲ್ಲಿದೆ. ಒಂದು ಪತ್ರ ಸಂಚಿನ ಬಗ್ಗೆ, ಇನ್ನೊಂದು ವಾತಾವರಣದ ಬಗ್ಗೆ. ನಿಮ್ಮವರು ಮೊದಲನೆಯದನ್ನು ಮಾತ್ರ ಫಾರ್ವರ್ಡ್ ಮಾಡುತ್ತಾರೆ, ಎದುರಿನವರು ಎರಡನೆಯದನ್ನು ಮಾತ್ರ.

ಗೋಡ್ಸೆ ಸಾಂಗ್ಲಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಕಾಲಕ್ಕೆ ಸಂಘ ಸೇರಿದ. ಕೆಲವು ವರ್ಷ ಇದ್ದು ಆಮೇಲೆ ಮಹಾಸಭಾಕ್ಕೆ ಹೋದೆ ಅಂತ ಕೋರ್ಟಿನಲ್ಲಿ ಹೇಳಿದ. ತಮ್ಮ ಗೋಪಾಲ 1994ರಲ್ಲಿ ಅದನ್ನು ತಿರುಗಿಸಿ, ಅಣ್ಣ ಸಂಘ ಬಿಟ್ಟೇ ಇರಲಿಲ್ಲ, ಸಂಘಕ್ಕೆ ತೊಂದರೆ ಆಗಬಾರದು ಅಂತ ಹಾಗೆ ಹೇಳಿದ ಅಂದ. ಅಡ್ವಾಣಿ ಅದನ್ನು ಅಲ್ಲಗಳೆದರು. ಬಿಟ್ಟಿದ್ದನೋ ಇಲ್ಲವೋ, 1942ರ ಹೊತ್ತಿಗೆ ‘ಹಿಂದೂ ರಾಷ್ಟ್ರ ದಳ’ ಅಂತ ಬೇರೆ ಗುಂಪಿನಲ್ಲಿ ಇದ್ದದ್ದಂತೂ ಹೌದು.

ಕಡಲತಡಿ:
‘ಹೊರಗೆ ಹೋದವರು’ ಅನ್ನೋ ಮಾತಿಗೆ ನಾನು ಒಂದು ಸೇರಿಸಲಾ? 2009ರ ಜನವರಿ 24ಕ್ಕೆ ಮಂಗಳೂರಿನ ಪಬ್‌ನಲ್ಲಿ ಹುಡುಗಿಯರನ್ನು ಹೊಡೆದರಲ್ಲ, ಆಗ ನಾನು ಅಲ್ಲೇ ಡಿಗ್ರಿ ಓದುತ್ತಿದ್ದೆ. ನಾನು ಪಬ್ಬಿನ ಮುಖವನ್ನೇ ಕಂಡವಳಲ್ಲ. ಆದರೂ ಮಾರನೇ ದಿನದಿಂದ ನಮ್ಮ ಹಾಸ್ಟೆಲ್ ಗೇಟಿಗೆ ಸಂಜೆ ಆರಕ್ಕೇ ಬೀಗ. ಅಮ್ಮ ದಿನಾ ಫೋನು, ‘ಯಾರ ಜೊತೆ ಬಸ್ಸಿನಲ್ಲಿ ಕೂತೆ?’ ಅಂತ. ಹೊಡೆದವರು ಪಬ್ಬಿನೊಳಗೆ ಹೊಡೆದರು, ಪೆಟ್ಟು ಊರಿನ ಎಲ್ಲ ಹುಡುಗಿಯರಿಗೂ ಬಿತ್ತು.

ಶ್ರೀರಾಮ ಸೇನೆಯ ಮುತಾಲಿಕ್ ಮೊದಲು ಸಂಘದವರು, ಬಜರಂಗ ದಳದವರು. ಅಲ್ಲಿಂದ ಮುನಿಸಿಕೊಂಡು ಹೊರಬಿದ್ದವರು. 2014ರ ಮಾರ್ಚಿನಲ್ಲಿ ಹುಬ್ಬಳ್ಳಿಯಲ್ಲಿ ಅವರನ್ನು ಬಿಜೆಪಿಗೆ ಸೇರಿಸಿಕೊಂಡರು. ದೆಹಲಿಯಿಂದ ಫೋನು ಬಂತು, ಅದೇ ದಿನ ಹೊರಗೆ ಹಾಕಿದರು. ಬಾಗಿಲು ತೆಗೆದದ್ದೂ ಹೌದು, ಮುಚ್ಚಿದ್ದೂ ಹೌದು. ಪಬ್ ಕೇಸಿನಲ್ಲಿ 2018ರಲ್ಲಿ ಎಲ್ಲರೂ ಖುಲಾಸೆ. ಟಿವಿಯಲ್ಲಿ ಇಡೀ ದೇಶ ನೋಡಿದ ಹೊಡೆತ ಅದು, ಮರೆಯಬೇಡಿ.

ಶಾಖೆಗೆ ಹೋದವ:
ಅಕ್ಕ, ಆ ಪಬ್ ವಿಷಯ ನನಗೂ ನಾಚಿಕೆ. ಆದರೆ ಹೊರಗೆ ಹೋದವರು ಮಾಡಿದ್ದಕ್ಕೆ ಮನೆಯವರನ್ನು ಯಾಕೆ ಹಿಡಿಯುತ್ತೀರಿ? ಜಗಳ ಮಾಡಿಕೊಂಡು ಹೋದ ಮಗ ಸಾಲ ಮಾಡಿದರೆ ಅಪ್ಪ ತೀರಿಸಬೇಕಾ?

ಕಡಲತಡಿ:
ತೀರಿಸೋದು ಬೇಡ ತಮ್ಮಾ. ಮಗ ಮನೆಯಲ್ಲಿದ್ದಾಗ ಏನು ಹೇಳಿಕೊಟ್ಟಿರಿ ಅಂತ ಕೇಳಬಹುದಲ್ವಾ? ‘ನಮ್ಮ ಹುಡುಗಿಯರಿಗೆ ಅಪಾಯ’ ಅನ್ನೋದನ್ನು ಅವರು ಹೊರಗೆ ಹೋದ ಮೇಲೆ ಕಲಿತದ್ದಲ್ಲ.

ಮಾಳಮಡ್ಡಿ:
ಧಾರವಾಡದವನು ನಾನು. ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. 2015ರ ಆಗಸ್ಟ್ 30, ಭಾನುವಾರ ಬೆಳಗ್ಗೆ. ಕಲಬುರ್ಗಿ ಸರ್ ಮನೆ ಬಾಗಿಲಿಗೇ ಬಂದು ಗುಂಡು ಹಾರಿಸಿದರು. ಆಮೇಲೆ 2017ರ ಸೆಪ್ಟೆಂಬರ್ 5ಕ್ಕೆ ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್. ಎರಡಕ್ಕೂ ಒಂದೇ 7.65 ಎಂಎಂ ನಾಡ ಪಿಸ್ತೂಲು ಅಂತ ಪೊಲೀಸರ ವಿಶೇಷ ತನಿಖಾ ತಂಡ (ಎಸ್‌ಐಟಿ) ಹೇಳಿತು. ಗೌರಿ ಕೇಸಿನ 2018ರ ಆರೋಪಪಟ್ಟಿಯಲ್ಲಿ 18 ಆರೋಪಿಗಳು, 9,000ಕ್ಕೂ ಜಾಸ್ತಿ ಪುಟ. ಸನಾತನ ಸಂಸ್ಥೆ ಅನ್ನುವ ಹಿಂದೂ ಸಂಘಟನೆಯ ಹೆಸರು ಬಂತು, ಅವರು ತಮಗೆ ಸಂಬಂಧವಿಲ್ಲ ಅಂದರು. ಅಪರಾಧ ಇನ್ನೂ ಸಾಬೀತಾಗಬೇಕು, ಹಾಗಾಗಿ ಯಾರ ಮೇಲೂ ನಾನು ತೀರ್ಪು ಕೊಡುವುದಿಲ್ಲ.

ನಾನು ಹೇಳಬೇಕಾದ್ದು ಬೇರೆ. ಪೊಲೀಸರ ಪ್ರಕಾರ ಆ ಗುಂಪಿಗೆ ಹೆಸರೇ ಇರಲಿಲ್ಲ. ಬೇರೆ ಬೇರೆ ಸಂಘಟನೆಗಳಿಂದ ಹುಡುಗರನ್ನು ಆರಿಸಿಕೊಂಡಿದ್ದರಂತೆ. ಓಣಿಮನೆಯವರೇ, ನೀವು ಬೋರ್ಡಿನ ಬಗ್ಗೆ ಕೇಳಿದಿರಿ. ಇಲ್ಲಿ ಬೋರ್ಡೇ ಇಲ್ಲ. ವಿಸರ್ಜನೆ ಮಾಡಬೇಕು ಅಂದರೂ, ನಿಷೇಧ ಹಾಕಬೇಕು ಅಂದರೂ ಯಾವುದನ್ನು ಮಾಡುತ್ತೀರಿ?

ವಕೀಲರ ಡೈರಿ:
ಅದು ಸರಿಯಾದ ತಲೆನೋವು. 1948ರಲ್ಲಿ ಸಂಘವನ್ನು ನಿಷೇಧಿಸಿದಾಗ ಸರ್ಕಾರಕ್ಕೆ ಮಾತಾಡಲು ಸಂಘದ ಮುಖ್ಯಸ್ಥ ಗೋಳ್ವಲ್ಕರ್ ಇದ್ದರು. ಸಂಘಕ್ಕೆ ಲಿಖಿತ ಸಂವಿಧಾನ ಬರೆದುಕೊಡಿ ಅಂತ ಸರ್ಕಾರದವರು ಕೇಳಿದರು, ಸಂಘದವರು ಬರೆದುಕೊಟ್ಟರು, 1949ರ ಜುಲೈನಲ್ಲಿ ನಿಷೇಧ ತೆಗೆದರು. ಹೆಸರು, ವಿಳಾಸ ಇದ್ದವರ ಜೊತೆ ಹೀಗೆ ವ್ಯವಹಾರ ಮಾಡಬಹುದು.

ಓಣಿಮನೆ:
ನನ್ನ ಪ್ರಶ್ನೆಯೇ ಅರ್ಧ ತಪ್ಪಾಗಿತ್ತು ಅನ್ನಿಸುತ್ತಿದೆ. ಹೆಸರು ಹಿಡಿದು ಹೋದರೆ 1904ಕ್ಕೆ ಮುಟ್ಟುತ್ತೇನೆ, ಅಲ್ಲಿ ಶತ್ರು ಬ್ರಿಟಿಷ್ ಕಲೆಕ್ಟರ್. 1923ರ ಪುಸ್ತಕದ ಹೊತ್ತಿಗೆ ಗೆರೆ ಪಕ್ಕದ ಬೀದಿಯವನನ್ನು ಹೊರಗಿಟ್ಟು ಎಳೆದಾಗಿದೆ. ಕಲಬುರ್ಗಿಯವರಿಗೆ ಬಂದರೆ ಕೊಲೆಯಾದವರು ಶಾಸನ, ವಚನ ಓದುತ್ತಿದ್ದ ಲಿಂಗಾಯತ ಮೇಷ್ಟ್ರು. ಗೆರೆ ಒಳಗೊಳಗೇ ಸರಿಯುತ್ತಾ ಬಂದಿದೆ.

ಶಾಖೆಗೆ ಹೋದವ:
ಇದಕ್ಕೆ ನಾನು ಒಪ್ಪುವುದಿಲ್ಲ. 1923ರಿಂದ 2015ಕ್ಕೆ ನೇರ ದಾರಿ ಹಾಕುತ್ತಿದ್ದೀರಿ, ನಡುವೆ ಲಕ್ಷಾಂತರ ಜನ ಏನೂ ಕೇಡು ಮಾಡದೆ ಶಾಖೆಗೆ ಹೋಗಿ ಬಂದಿದ್ದಾರೆ. ಪಟೇಲರ ಜುಲೈ ಪತ್ರ ಮಾತ್ರ ನಾನು ಓದಿರಲಿಲ್ಲ. ಈಗ ಓದಿದೆ. ನಮಗೆ ಯಾರೂ ಅದನ್ನು ತೋರಿಸಿರಲಿಲ್ಲ.

ಬೀದರ್ ಹುಡುಗ:
ನಮ್ಮ ಮುತ್ಯಾನೂ ತೋರಿಸಲಿಲ್ಲ ಬಿಡಿ.

ಸುಮ್ನೆ ಓದುಗ:
ಅದೆಲ್ಲ ಇರಲಿ, ಅಳಿಯ ಪರೀಕ್ಷೆಯಲ್ಲಿ ಏನು ಬರೆಯಬೇಕಂತೆ?

ಓಣಿಮನೆ:
1904, ನಾಸಿಕ. ಒಂದು ಮಾರ್ಕಿನ ಪ್ರಶ್ನೆ ಅದು. ಇದನ್ನೆಲ್ಲ ಓದಿಸಿದೆ. ‘ಮಾಮಾ, ಇದು ಸಿಲೆಬಸ್‌ನಲ್ಲಿಲ್ಲ’ ಅಂದ.