ಪರ್ಮಾಂಗನೇಟ್ ಟೈಟ್ರೇಶನ್ ಕಂದು ಆಗ್ತಾ ಉಂಟು. ಮೊಲಾರಿಟಿ ಲೆಕ್ಕವೂ ಹಿಡಿತಕ್ಕೆ ಸಿಗುದಿಲ್ಲ

ಕುಂಬಳೆ_ಬಾಟನಿ:
ಕಾಸರಗೋಡಿನಲ್ಲಿ ನಾಲ್ಕು ವರ್ಷದ ಡಿಗ್ರಿ, ಬಾಟನಿ ಮೇಜರ್, ಕೆಮಿಸ್ಟ್ರಿ ಮೈನರ್. ಹತ್ತನೆಯವರೆಗೆ ಕನ್ನಡ ಮೀಡಿಯಂ. 20 ಮಿ.ಲೀ. ಆಕ್ಸಾಲಿಕ್ ಆಸಿಡ್‌ಗೆ ಬ್ಯುರೆಟಿನಿಂದ ಪರ್ಮಾಂಗನೇಟ್ ಬಿಟ್ಟು, ಬಣ್ಣ ನಿಲ್ಲುವ ತನಕ ಎಷ್ಟು ಹೋಯ್ತು ಅಂತ ಅಳೆದಾಗ (ಅದೇ ಟೈಟ್ರೇಶನ್) ರೀಡಿಂಗ್ 20.1, 20.9, 22.4 ಮಿ.ಲೀ. ಮೂರನೆಯದು ಗುಲಾಬಿ ಆಗುವ ಬದಲು ಕಂದಾಯ್ತು. ಎಂತ ತಪ್ಪು? ಇನ್ನೊಂದು, ಮೊಲಾರಿಟಿ, ನಾರ್ಮಾಲಿಟಿ ಸೂತ್ರ ಬಾಯಿಪಾಠ ಉಂಟು, ಲೆಕ್ಕಕ್ಕೆ ಕೂತರೆ ಯಾವುದನ್ನು ಎಲ್ಲಿ ಹಾಕುದು ಗೊತ್ತಾಗುದಿಲ್ಲ. ಫಿಸಿಕ್ಸ್, ಜಿಯಾಲಜಿಯವರೂ ಇದೇ ಕ್ಲಾಸಿನಲ್ಲಿದ್ದಾರೆ. ಎಲ್ಲರೂ ಎಲ್ಲವನ್ನೂ ಒಂದೇ ಹಾಗೆ ಓದಬೇಕಾ?

ಬ್ಯುರೆಟ್_ಕಾವಲು:
ಕಂದು ಅಂದರೆ ಮ್ಯಾಂಗನೀಸ್ ಡೈಆಕ್ಸೈಡ್. ಆಸಿಡ್ ಸಾಲದಿದ್ದರೆ, ದ್ರಾವಣ ತಣಿದರೆ, ಅಥವಾ ನಲ್ಲಿ ತಿರುಗಿಸಿ ಭರಭರ ಸುರಿದರೆ ಹಾಗಾಗ್ತದೆ. ಆಸಿಡ್ ಸರಿಯಾಗಿದ್ದಲ್ಲಿ ಒಂದು ಪರ್ಮಾಂಗನೇಟ್ 5 ಎಲೆಕ್ಟ್ರಾನ್ ತೆಗೆದುಕೊಳ್ತದೆ, ಕಂದಿನಲ್ಲಿ ನಿಂತರೆ 3 ಮಾತ್ರ. ಕೆಲಸ ಕಮ್ಮಿ, ಹಾಗಾಗಿ ಖರ್ಚು ಜಾಸ್ತಿ, ನಿಮ್ಮ 22.4 ಬಂದದ್ದು ಅಲ್ಲಿಂದ. ಅದನ್ನು ಚೆಲ್ಲಿ, ಸರಾಸರಿಗೆ ಸೇರಿಸಬೇಡಿ.

20 ಮಿ.ಲೀ. ಆಕ್ಸಾಲಿಕ್ ಆಸಿಡ್‌ಗೆ ಅಷ್ಟೇ ಸಾರರಿಕ್ತ ಸಲ್ಫ್ಯೂರಿಕ್ ಆಸಿಡ್ (ಸುಮಾರು 1 ಮೊಲಾರ್) ಹಾಕಿ. ಹೈಡ್ರೋಕ್ಲೋರಿಕ್ ಆಗುದಿಲ್ಲ, ಪರ್ಮಾಂಗನೇಟ್ ಅದರ ಕ್ಲೋರೈಡನ್ನೂ ಕ್ಲೋರಿನ್ ಮಾಡ್ತದೆ. ನೈಟ್ರಿಕ್ ತಾನೇ ಉತ್ಕರ್ಷಕ (ಎಲೆಕ್ಟ್ರಾನ್ ಕಿತ್ತುಕೊಳ್ಳುವಂಥದ್ದು). 60–70 ಡಿಗ್ರಿಗೆ ಬಿಸಿ ಮಾಡಿ, ಕುದಿಸಬೇಡಿ. ಕುದಿಸಿದರೆ ಆಕ್ಸಾಲಿಕ್ ಆಸಿಡ್ ಒಡೆದು ರೀಡಿಂಗ್ ಕಮ್ಮಿ ಬರ್ತದೆ. ಮೊದಲ ಕೆಲವು ಹನಿಯ ಬಣ್ಣ ಹೋಗಲಿಕ್ಕೆ ಹೊತ್ತು ಹಿಡಿತದೆ. ಅವಸರ ಬೇಡ, ಫ್ಲಾಸ್ಕ್ ಆಡಿಸುತ್ತಾ ಕಾಯಿರಿ. ಹುಟ್ಟುವ ಮ್ಯಾಂಗನೀಸ್ ಅಯಾನೇ ಮುಂದಿನ ಹನಿಗಳಿಗೆ ವೇಗವರ್ಧಕ. ತೆಳು ಗುಲಾಬಿ 30 ಸೆಕೆಂಡು ನಿಂತರೆ ಮುಗಿಯಿತು. ಆಮೇಲೆ ಮಾಸಿದರೂ ಮತ್ತೆ ಹನಿ ಹಾಕಬೇಡಿ.

20.1ಕ್ಕೂ 20.9ಕ್ಕೂ ಇರುವ ಅಂತರಕ್ಕೆ ಬೇರೆ ಕಾರಣ ಹುಡುಕಿ. ಬ್ಯುರೆಟ್‌ನ ಮೂತಿಯಲ್ಲಿ ಗಾಳಿಗುಳ್ಳೆ ಇತ್ತಾ? ಫ್ಲಾಸ್ಕನ್ನು ಆಕ್ಸಾಲಿಕ್ ಆಸಿಡ್‌ನಲ್ಲಿ ತೊಳೆದಿರಾ? ಎರಡರಿಂದಲೂ ರೀಡಿಂಗ್ ಏರ್ತದೆ. ಫನೆಲ್ ಮೇಲೆಯೇ ಬಿಟ್ಟರೆ ಅದರಿಂದ ಹನಿ ಇಳಿದು ರೀಡಿಂಗ್ ಕಮ್ಮಿಯಾಗ್ತದೆ. ಬ್ಯುರೆಟ್, ಪಿಪೆಟ್ ತೊಳೆಯುದು ಅದರೊಳಗೆ ತುಂಬುವ ದ್ರಾವಣದಿಂದ, ಫ್ಲಾಸ್ಕ್ ಡಿಸ್ಟಿಲ್ಡ್ ವಾಟರಿನಿಂದ ಮಾತ್ರ. ಪರ್ಮಾಂಗನೇಟ್ ಕಡುಬಣ್ಣ, ಕೆಳಗಿನ ಬಾಗು ಕಾಣುದಿಲ್ಲ. ಮೇಲಂಚನ್ನೇ ಓದಿ, ಶುರುವಿಗೂ ಕೊನೆಗೂ. ಎರಡು ರೀಡಿಂಗ್ 0.1ರೊಳಗೆ ಬರುವ ತನಕ ಬಿಡಬೇಡಿ.

ಅಡಿಕೆತೋಟ:
ಮೊಲಾರಿಟಿಗೆ ಸೂತ್ರಕ್ಕಿಂತ ಮೊದಲು ಬೋರ್ಡೋ ದ್ರಾವಣ ಹಿಡಿಯಿರಿ. ಅಡಿಕೆಯ ಕೊಳೆರೋಗದ ಈ ಮದ್ದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಮೋಲ್ ಅಂದರೆ ಕಣಗಳ ಒಂದು ನಿಗದಿತ ಎಣಿಕೆ. ಮೈಲುತುತ್ತಿನ ಒಂದು ಮೋಲ್ ಸುಮಾರು 250 ಗ್ರಾಂ, 1 ಕಿಲೋದಲ್ಲಿ 4 ಮೋಲ್. ಅದನ್ನು 100 ಲೀಟರಿಗೆ ಭಾಗಿಸಿದರೆ 0.04 ಮೊಲಾರ್. ಲೀಟರಿಗೆ ಎಷ್ಟು ಮೋಲ್, ಮೊಲಾರಿಟಿ ಅಂದರೆ ಇಷ್ಟೇ ವಿಷಯ. ಸುಣ್ಣ ಎಷ್ಟು ಸಾಕು? ತಾಮ್ರ 4 ಮೋಲ್ ಇದ್ದರೆ ಸುಡುಸುಣ್ಣವೂ 4 ಮೋಲ್, ಅಂದರೆ 4 × 56 = 224 ಗ್ರಾಂ. ಹಾಕುದು 1 ಕಿಲೋ. ಇಲ್ಲಿ ಮುಗಿದುಹೋಗುದು ಮೈಲುತುತ್ತು, ಮಿಕ್ಕುದು ಸುಣ್ಣ. ಲಿಮಿಟಿಂಗ್ ರಿಯೇಜೆಂಟ್ ಅಂದರೆ ಹಾಗೆ ಮೊದಲು ಮುಗಿಯುವಂಥದ್ದೇ. ಸುಣ್ಣ ಹಳೆಯದೋ ಕಲಬೆರಕೆಯೋ ಆಗಿ ಸಾಲದಿದ್ದರೆ ಅದ್ದಿದ ಕಬ್ಬಿಣದ ಕತ್ತಿಯ ಮೇಲೆ ತಾಮ್ರದ ಕೆಂಪು ಹಿಡಿತದೆ: ಕಬ್ಬಿಣ ಎಲೆಕ್ಟ್ರಾನ್ ಬಿಡ್ತದೆ, ಅದು ಉತ್ಕರ್ಷಣ; ತಾಮ್ರ ತೆಗೆದುಕೊಳ್ತದೆ, ಅದು ಅಪಕರ್ಷಣ.

ಲ್ಯಾಬಿಗೆ ಬರುವ. 0.05 ಮೊಲಾರ್ ಆಕ್ಸಾಲಿಕ್ ಆಸಿಡ್ 250 ಮಿ.ಲೀ. ಬೇಕಾದರೆ 0.05 × 0.25 ಲೀಟರ್ = 0.0125 ಮೋಲ್, ಒಂದು ಮೋಲಿನ ತೂಕ 126 ಗ್ರಾಂ, 0.0125 × 126 = 1.575 ಗ್ರಾಂ. ಹರಳಿನಲ್ಲಿರುವ ಎರಡು ನೀರಿನ ಅಣು ಮರೆತು 126ರ ಬದಲು 90 ಹಿಡಿದರೆ ದ್ರಾವಣ ಶೇ. 28ಕ್ಕಿಂತ ಹೆಚ್ಚು ತೆಳುವಾಗ್ತದೆ. ನಾರ್ಮಾಲಿಟಿ ಅಂದರೆ ಮೊಲಾರಿಟಿಯನ್ನು ಎಲೆಕ್ಟ್ರಾನ್ ಲೆಕ್ಕದಿಂದ ಗುಣಿಸಿದ್ದು. 0.02 ಮೊಲಾರ್ ಪರ್ಮಾಂಗನೇಟ್ ಆಸಿಡ್‌ನಲ್ಲಿ 0.1 ನಾರ್ಮಲ್, ಕಂದು ಬರುವಲ್ಲಿ ಅದೇ ಬಾಟಲಿ 0.06.

ಮುರಕಲ್ಲು:
ಒಂದೇ ಹಾಗೆ ಓದುದು ಬೇಡ. ಮೋಲ್, ಸಮತೋಲ, ಉತ್ಕರ್ಷಣ ಎಲ್ಲರಿಗೂ ಬೇಕು. ಬಾಟನಿಯವರು ಬಫರ್ (ಪಿಎಚ್ ಹೆಚ್ಚು ಬದಲಾಗದ ಹಾಗೆ ಹಿಡಿದಿಡುವ ದ್ರಾವಣ) ಬಿಡಬೇಡಿ: ಫಾಸ್ಫೇಟ್‌ನ ಎರಡನೆಯ ಪಿಕೆಎ (ಆಸಿಡ್‌ನ ಬಲ ಹೇಳುವ ಅಂಕೆ) ಸುಮಾರು 7.2, ಅದೇ ಪಿಎಚ್ ಬೇಕಾದರೆ ಎರಡು ಲವಣ ಸಮ ಮೋಲ್. ಫಿಸಿಕ್ಸಿನವರಿಗೆ ಉಷ್ಣಗತಿಶಾಸ್ತ್ರ ಹೇಗೂ ಅಲ್ಲಿಯೇ ಸಿಗ್ತದೆ. ಜಿಯಾಲಜಿಯವರು ಕಬ್ಬಿಣದ ಡೈಕ್ರೋಮೇಟ್ ಟೈಟ್ರೇಶನ್ ಚೆನ್ನಾಗಿ ಕಲಿಯಿರಿ. ಮುರಕಲ್ಲು ಕೆಂಪಾಗಿರುದು ಅದರ ಕಬ್ಬಿಣದಿಂದ. 1807ರಲ್ಲಿ ಸ್ಕಾಟ್ಲೆಂಡಿನ ಫ್ರಾನ್ಸಿಸ್ ಬುಕನನ್ ಲ್ಯಾಟರೈಟ್ (ಮುರಕಲ್ಲಿನ ಇಂಗ್ಲಿಷ್ ಹೆಸರು) ಅಂತ ಹೆಸರಿಟ್ಟದ್ದೂ ನಮ್ಮ ರಾಜ್ಯದ ಅಂಗಾಡಿಪ್ಪುರಂ ಕಲ್ಲಿಗೆ.

ಕುಂಬಳೆ_ಬಾಟನಿ:
ಆಸಿಡ್ ಅರ್ಧವೇ ಹಾಕಿದ್ದೆ, ಬಿಸಿಯೂ ಮಾಡಿದ್ದು ಒಂದೇ ಸಲ. ಈಗ ಗೊತ್ತಾಯ್ತು. ಕಲ್ಲಿನ ಕಬ್ಬಿಣಕ್ಕೆ ಡೈಕ್ರೋಮೇಟ್ ಅಂದಿರಿ, ಪರ್ಮಾಂಗನೇಟ್ ಯಾಕೆ ಆಗುದಿಲ್ಲ?

ಮುರಕಲ್ಲು:
ಕಲ್ಲಿನ ಪುಡಿ ಕರಗಿಸುದು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ, ಮೇಲೆ ಹೇಳಿದ ಕ್ಲೋರಿನ್ ತೊಂದರೆ ಅಲ್ಲಿಯೇ ಬರ್ತದೆ. ತಣ್ಣನೆಯ ಸಾರರಿಕ್ತ ದ್ರಾವಣದಲ್ಲಿ ಡೈಕ್ರೋಮೇಟ್ ಕ್ಲೋರೈಡನ್ನು ಮುಟ್ಟುದಿಲ್ಲ. ಒಂದು ಡೈಕ್ರೋಮೇಟ್‌ಗೆ 6 ಫೆರಸ್ (ಎರಡು ಎಲೆಕ್ಟ್ರಾನ್ ಬಿಟ್ಟ ಕಬ್ಬಿಣ). ಮೊದಲು ಫೆರಿಕ್ಕನ್ನು (ಮೂರು ಬಿಟ್ಟದ್ದು) ಸ್ಟ್ಯಾನಸ್ ಕ್ಲೋರೈಡ್‌ನಿಂದ ಫೆರಸ್ ಮಾಡಬೇಕು: ಬಿಸಿ ದ್ರಾವಣಕ್ಕೆ ಹನಿ ಹನಿ, ಹಳದಿ ಹೋದ ಮೇಲೆ ಒಂದೆರಡು ಹನಿ ಹೆಚ್ಚು. ತಣಿಸಿ ಮರ್ಕ್ಯುರಿಕ್ ಕ್ಲೋರೈಡ್ ಒಮ್ಮೆಲೇ ಸುರಿಯಿರಿ. ರೇಷ್ಮೆಯಂಥ ತೆಳು ಬಿಳಿ ಬಂದರೆ ಸರಿ. ಏನೂ ಬಾರದಿದ್ದರೆ ಸ್ಟ್ಯಾನಸ್ ಸಾಲಲಿಲ್ಲ, ಬೂದು ಬಂದರೆ ಮಿತಿಮೀರಿತು. ಎರಡರಲ್ಲೂ ಹೊಸದಾಗಿ ಶುರು ಮಾಡಿ. ಆ ಪಾದರಸದ ನೀರನ್ನು ಸಿಂಕಿಗೆ ಚೆಲ್ಲದೆ ಬೇರೆ ಬಾಟಲಿಗೆ ಹಾಕಿ.