ರಜೆಯ ಹಣವೇನೋ ಬಂದೀತು, ಕೆಲಸ ಉಳಿದೀತೇ?

(ಅಮೆರಿಕದ ಸಿಯಾಟಲ್ ಸುತ್ತಲಿನ ಊರುಗಳ ಕನ್ನಡಿಗರ ಗುಂಪಿನಲ್ಲಿ ಹೆರಿಗೆ ರಜೆಯ ಬಗ್ಗೆ ನಡೆದ ಮಾತುಕತೆ)

ಬಾಥೆಲ್‌ನ ಸದಸ್ಯೆ:
ನಮಸ್ಕಾರ. ನಾನಿರುವ ಸ್ಟಾರ್ಟಪ್‌ನಲ್ಲಿ ಮೂವತ್ತು ಜನರಿದ್ದಾರೆ, ಎಲ್ಲರೂ ಇದೇ ಕಚೇರಿಯವರು. ಸೇರಿ ಏಳು ತಿಂಗಳಾಯಿತು. ಹೆರಿಗೆಗೆ ಇನ್ನು ಆರು ವಾರಗಳಿವೆ. ವಾಷಿಂಗ್ಟನ್ ರಾಜ್ಯದ ವೇತನಸಹಿತ ರಜೆಗೆ ಅರ್ಜಿ ಹಾಕಿಕೊಳ್ಳಿ ಎನ್ನುವ ಎಚ್‌ಆರ್‌ನವರು, ಮರಳಿದಾಗ ಹುದ್ದೆ ಇರುತ್ತದೆಯೇ ಎಂದರೆ ಮಾತು ಹಾರಿಸುತ್ತಾರೆ. ಕೆಲಸಕ್ಕೇ ಕಟ್ಟಿಬಿದ್ದ ಎಚ್-1ಬಿ ವೀಸಾ ಬೇರೆ, ನಿದ್ದೆ ಬರುತ್ತಿಲ್ಲ.

ಬೆಲ್‌ವ್ಯೂನ ಹಿರಿಯ ಸದಸ್ಯೆ:
ನಮ್ಮ ಕಾಲದಲ್ಲಿ ಇದ್ದದ್ದು ಅಮೆರಿಕದ 1993ರ ಕೇಂದ್ರ ಕಾನೂನಿನ ಸಂಬಳವಿಲ್ಲದ 12 ವಾರ ಮಾತ್ರ. ಬಾಣಂತನಕ್ಕೆಂದು ಧಾರವಾಡದಿಂದ ಬಂದ ಅಮ್ಮನ ಅಂಟಿನುಂಡೆ ಡಬ್ಬಿಯನ್ನು ವಿಮಾನ ನಿಲ್ದಾಣದಲ್ಲಿ ತೆರೆಸಿ, ಒಂದೊಂದೇ ಉಂಡೆಯನ್ನು ಹೊರಳಿಸಿ ನೋಡಿದ್ದರು. ನಾನು ಆರನೆಯ ವಾರಕ್ಕೇ ಕೆಲಸಕ್ಕೆ ಹೋದೆ. ಹೋಗಬಾರದಿತ್ತು ಎಂದು ಈಗಲೂ ಅನ್ನಿಸುತ್ತದೆ.

ರೆಡ್ಮಂಡ್‌ನ ಸದಸ್ಯ:
ಹಣದ ನಿಯಮ ಬೇರೆ, ಹುದ್ದೆಯ ನಿಯಮ ಬೇರೆ. ಅರ್ಹತಾ ಅವಧಿಯಲ್ಲಿ, ಅಂದರೆ ಅರ್ಜಿಗೆ ಮುಂಚಿನ ಸುಮಾರು ಒಂದು ವರ್ಷದಲ್ಲಿ, ಹಿಂದಿನ ಕಂಪನಿಯೂ ಸೇರಿದಂತೆ, ರಾಜ್ಯದಲ್ಲಿ 820 ಗಂಟೆ ದುಡಿದಿದ್ದರೆ ಹಣ ಸಿಗುತ್ತದೆ. ಹುದ್ದೆಗೆ ಮರಳುವ ಹಕ್ಕು ಮಾತ್ರ 2025ರ ಕೊನೆಯವರೆಗೂ, 50ಕ್ಕೆ ಕಡಿಮೆಯಿಲ್ಲದಷ್ಟು ನೌಕರರಿರುವಲ್ಲಿ ವರ್ಷ ಪೂರೈಸಿ 1,250 ಗಂಟೆ ದುಡಿದವರಿಗಷ್ಟೇ ಇತ್ತು. 2026ರ ಜನವರಿ 1ರಿಂದ 25 ನೌಕರರು ಮತ್ತು 180 ದಿನಗಳ ಸೇವೆ ಸಾಕು. 2027ರಲ್ಲಿ ನೌಕರರ ಸಂಖ್ಯೆಯ ಈ ಮಿತಿ 15ಕ್ಕೆ, 2028ರಲ್ಲಿ 8ಕ್ಕೆ ಇಳಿಯುತ್ತದೆ. ನಿಮಗೆ ಹಕ್ಕಿದೆ, ಆರೋಗ್ಯ ವಿಮೆಯೂ ಮುಂದುವರಿಯಬೇಕು. ಆದರೆ ರಜೆಯಲ್ಲಿ ಇಲ್ಲದಿದ್ದರೂ ತಪ್ಪದಂತಹ ಲೇಆಫ್ ಬಂದರೆ ಈ ಕಾನೂನು ಕಾಯುವುದಿಲ್ಲ.

ಸಮಾಮಿಶ್‌ನ ಸದಸ್ಯ:
ಇದಕ್ಕೆ ಹಿಗ್ಗಬೇಕೇ? ಭಾರತದಲ್ಲಿ 2017ರ ತಿದ್ದುಪಡಿಯಿಂದಲೇ 26 ವಾರ ಪೂರ್ಣ ವೇತನವಿದೆ. ಅಜ್ಜಿ-ತಾತ ಇರುವಲ್ಲಿ ಮಗು ಬೆಳೆಯಲಿ. ನಾನು ಹತ್ತು ವರ್ಷಗಳಿಂದ ಹೇಳುತ್ತಿದ್ದೇನೆ, ಊರಿಗೆ ಹೊರಡಿ.

ಕರ್ಕ್‌ಲ್ಯಾಂಡ್‌ನ ಸದಸ್ಯೆ:
ಹೇಳುತ್ತಲೇ ಇದ್ದೀರಿ, ಹೊರಟಿಲ್ಲ! ಅಲ್ಲಿ ಆ ವೇತನದ ಹೊರೆ ಬಹುಮಟ್ಟಿಗೆ ಮಾಲೀಕರದೇ ಆದ್ದರಿಂದ, ಹೊಸದಾಗಿ ಮದುವೆಯಾದ ಹುಡುಗಿಯನ್ನು ಸೇರಿಸಿಕೊಳ್ಳಲು ಹಿಂದೆಮುಂದೆ ನೋಡುವವರಿದ್ದಾರೆ. ಇಲ್ಲಿ ನೌಕರರೂ ಕಂಪನಿಗಳೂ ಕಟ್ಟಿದ ವಂತಿಗೆಯಿಂದ ರಾಜ್ಯವೇ ಕೊಡುತ್ತದೆ. ತಂದೆಗೂ 12 ವಾರವಿದೆ.

ಸಮಾಮಿಶ್‌ನ ಸದಸ್ಯ:
ತಂದೆಗೆ ರಜೆಯೇಕೆ? ಮಗುವಿಗೆ ಬೇಕಾದದ್ದು ಮನೆತನ.

ರೆಡ್ಮಂಡ್‌ನ ಸದಸ್ಯ:
ಚರ್ಚೆ ಎತ್ತಲೋ ಹೋಯಿತು. ಬಾಥೆಲ್‌ನವರೇ, ಕಂಪನಿಗೆ 30 ದಿನ ಮುಂಚಿತವಾಗಿ ಲಿಖಿತ ನೋಟಿಸ್ ಕೊಡಬೇಕು. ಈ ವಾರವೇ ಮೇಲ್ ಮಾಡಿ, ಪ್ರತಿಯನ್ನು ನಿಮ್ಮ ಸ್ವಂತ ವಿಳಾಸಕ್ಕೂ ಕಳುಹಿಸಿಕೊಳ್ಳಿ.