ಪದಚರ್ಚೆ: ಫೈರ್ ಇಂಜಿನ್ನಿನಲ್ಲಿ ‘ಇಂಜಿನ್’ ಯಾವುದು?

ಗೆಳೆಯರೇ,

ಅಮೆರಿಕದ ಒಂದು ಸಣ್ಣ ಪಟ್ಟಣದ ಅಗ್ನಿಶಾಮಕ ದಳದ ಪರಿಚಯವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಯಾವ ಠಾಣೆಯಲ್ಲಿ ಯಾವ ಗಾಡಿ ನಿಲ್ಲುತ್ತದೆ ಅನ್ನೋದೇ ಅದರಲ್ಲಿ ಜಾಸ್ತಿ. ‘ಎರಡನೇ ಠಾಣೆಯಲ್ಲಿ ಒಂದು ಇಂಜಿನ್, ಒಂದು ಟ್ರಕ್ ಇವೆ’ ಎಂದು ಬರೆದು ಗೆಳತಿಗೆ ತೋರಿಸಿದೆ. ‘ಇಂಜಿನ್ ಬಿಚ್ಚಿ ಬೇರೆ ಇಟ್ಟಿದ್ದಾರಾ?’ ಅಂತ ಕೇಳಿದಳು. ಅವಳು ಕೇಳಿದ್ದು ಸರಿಯಾಗೇ ಇತ್ತು. ಕನ್ನಡದಲ್ಲಿ ಇಂಜಿನ್ ಅಂದರೆ ಗಾಡಿಯನ್ನು ಓಡಿಸುವ ಯಂತ್ರ, ಇಲ್ಲಾಂದ್ರೆ ರೈಲನ್ನು ಎಳೆಯುವಂಥದ್ದು.

ಆದರೆ ಬೆಂಕಿ ಆರಿಸುವವರ ಮಾತಿನಲ್ಲಿ ಇಂಜಿನ್ ಅಂದರೆ ಪಂಪು. ಲಂಡನ್ನಿನ ರಿಚರ್ಡ್ ನ್ಯೂಶಮ್ 1721ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲಿ ಮೋಟಾರೂ ಇರಲಿಲ್ಲ, ಉಗಿಯೂ ಇರಲಿಲ್ಲ. ಎರಡೂ ಬದಿಯಲ್ಲಿ ಜನ ನಿಂತು ಉದ್ದನೆಯ ಹಿಡಿಯನ್ನು ಮೇಲೆ ಕೆಳಗೆ ಆಡಿಸಿದರೆ ನೀರು ಚಿಮ್ಮುತ್ತಿತ್ತು. ಅದನ್ನೂ ಇಂಜಿನ್ ಅಂತಲೇ ಕರೆಯುತ್ತಿದ್ದರು. ಉಗಿಯಿಂದ ನಡೆಯುವ ಪಂಪು ಬಂದಿದ್ದು 1829ರಲ್ಲಿ. ಹಾಗಾಗಿ ಇವತ್ತಿಗೂ ಪಂಪು, ನೀರಿನ ತೊಟ್ಟಿ, ಮೆತುಕೊಳವೆ ಈ ಮೂರನ್ನೂ ಹೊತ್ತ ಗಾಡಿಯೇ ಅವರಿಗೆ ಇಂಜಿನ್. ಅದರ ಪಕ್ಕದಲ್ಲಿ ನಿಂತು ನೋಡಿದರೆ ಗೊತ್ತಾಗುತ್ತೆ: ಗಾಡಿಯ ಮಗ್ಗುಲಲ್ಲಿ ಒಂದು ಫಲಕ, ಅದರ ತುಂಬ ಒತ್ತಡ ತೋರಿಸುವ ಮುಳ್ಳುಗಳು, ಒಂದೊಂದು ಕೊಳವೆಗೂ ಒಂದೊಂದು ಹಿಡಿ. ಬೆಂಕಿಯ ಹತ್ತಿರ ಉಳಿದವರು ಹೋದರೂ ಒಬ್ಬರು ಆ ಫಲಕ ಬಿಟ್ಟು ಕದಲುವ ಹಾಗಿಲ್ಲ.

ಟ್ರಕ್ ಅಂದರೆ ಏಣಿ ಹೊತ್ತದ್ದು. ಮೇಲೆ ಮಡಚಿ ಮಲಗಿಸಿದ ಉದ್ದನೆಯ ಏಣಿ, ಅದನ್ನು ಸುತ್ತ ಆಡಿಸಲು ಅಡಿಯಲ್ಲಿ ಒಂದು ತಿರುಗುವ ಮಣೆ. ಏಣಿ ಎತ್ತುವ ಮೊದಲು ಗಾಡಿ ವಾಲದಂತೆ ಎರಡೂ ಕಡೆ ಗಾಡಿಯ ಕಾಲುಗಳನ್ನು ಚಾಚಿ ನೆಲಕ್ಕೆ ಊರುತ್ತಾರೆ. ನಾವು ಲಾರಿಗೆ ಟ್ರಕ್ ಅನ್ನುತ್ತೇವೆ, ಹಾಗಾಗಿ ಈ ಪದವನ್ನು ಹಾಗೇ ಇಟ್ಟರೆ ಏಣಿಯ ಸುಳಿವೇ ಸಿಗೋದಿಲ್ಲ.

ಟ್ಯಾಂಕರ್ ಮತ್ತು ಟೆಂಡರ್ ಇನ್ನೂ ತೊಡಕಿನವು. ನಲ್ಲಿ ಇಲ್ಲದ ಕಡೆಗೆ ನೀರು ಸಾಗಿಸುವ ಗಾಡಿಗೆ ಅಮೆರಿಕದ ಪೂರ್ವದಲ್ಲಿ ಟ್ಯಾಂಕರ್ ಅನ್ನುತ್ತಾರೆ. ಪಶ್ಚಿಮದಲ್ಲಿ ಟ್ಯಾಂಕರ್ ಅಂದರೆ ಕಾಡ್ಗಿಚ್ಚಿನ ಮೇಲೆ ನೀರು ಸುರಿಯುವ ವಿಮಾನ, ನೆಲದ ಗಾಡಿ ಅಲ್ಲಿ ಟೆಂಡರ್. ಎನ್‌ಎಫ್‌ಪಿಎ (ಬೆಂಕಿ ಸುರಕ್ಷತೆಯ ಮಾನದಂಡ ರೂಪಿಸುವ ಅಮೆರಿಕದ ಸಂಸ್ಥೆ) ತಂದಿದ್ದ ‘1901’ ಸಂಖ್ಯೆಯ ಹಳೆಯ ಮಾನದಂಡದ ಲೆಕ್ಕದಲ್ಲಿ ಪಂಪು ಗಾಡಿಗೆ ಕನಿಷ್ಠ 300 ಗ್ಯಾಲನ್ ನೀರು ಹಿಡಿಯುವ ತೊಟ್ಟಿ ಸಾಕಿತ್ತು, ನೀರು ಸಾಗಿಸುವ ಗಾಡಿಗೆ ಕನಿಷ್ಠ 1,000 ಗ್ಯಾಲನ್ ಬೇಕಿತ್ತು. ನಮ್ಮ ಲೆಕ್ಕದಲ್ಲಿ ಸುಮಾರು 1,135 ಮತ್ತು 3,785 ಲೀಟರ್. ಎರಡಕ್ಕೂ ‘ಅಗ್ನಿಶಾಮಕ ವಾಹನ’ ಅಂದುಬಿಟ್ಟರೆ ಈ ವ್ಯತ್ಯಾಸ ಪೂರ್ತಿ ಅಳಿಸಿಹೋಗುತ್ತೆ, ಅಲ್ವಾ?

ಟೆಂಡರ್ ಅನ್ನಲು ನನಗೆ ಮನಸ್ಸಿಲ್ಲ. ಕನ್ನಡದ ಪತ್ರಿಕೆ ಓದುವವರಿಗೆ ಟೆಂಡರ್ ಅಂದರೆ ಗುತ್ತಿಗೆಗೆ ಕರೆಯುವುದು. ಗಾಡಿಯ ಟೆಂಡರ್ ‘ಜೊತೆಗಿದ್ದು ನೋಡಿಕೊಳ್ಳುವುದು’ ಅನ್ನೋ ಅರ್ಥದಿಂದ ಬಂದದ್ದು. ಹಡಗಿಗೂ ಉಗಿಬಂಡಿಗೂ ಬೇಕಾದ್ದನ್ನು ಒದಗಿಸುವ ಜೊತೆಗಾಡಿ. ಆದರೂ ಎರಡೂ ಪದಗಳ ಬೇರು ಲ್ಯಾಟಿನ್ನಿನ ‘ಚಾಚು’ ಅನ್ನುವ ಒಂದೇ ಕ್ರಿಯಾಪದ. ಇದು ಗೊತ್ತಾದಾಗ ನನಗೆ ತುಂಬ ಖುಷಿಯಾಯ್ತು.

ಇನ್ನೊಂದು ಎಡವಟ್ಟು ‘ಅಪರೇಟಸ್’ ಪದದ್ದು. ನಿಘಂಟು ನೋಡಿ ‘ಉಪಕರಣ’ ಅಂತ ಹಾಕಿದ್ದೆ. ಇವರ ಬಳಕೆಯಲ್ಲಿ ಅದು ಗಾಡಿಯೇ, ಗಾಡಿಯೊಳಗಿನ ಸಾಮಾನಲ್ಲ. ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿಯ ಸಿಲಿಂಡರಿನ ವಿಷಯಕ್ಕೆ ಬಂದಾಗ ಮಾತ್ರ ‘ಉಸಿರಾಟದ ಉಪಕರಣ’ ಸರಿ.

ಸದ್ಯಕ್ಕೆ ನಾನು ಬಳಸುತ್ತಿರೋದು ಪಂಪುಗಾಡಿ, ಏಣಿಗಾಡಿ, ನೀರುಗಾಡಿ. ‘ಬಂಡಿ’ ಹಾಕಿ ನೋಡಿದೆ. ಕಿವಿಗೆ ಚೆನ್ನಾಗಿದೆ, ಆದರೆ ಸೈರನ್ ಹೊಡೆಯುತ್ತ ಓಡುವುದನ್ನು ಇವತ್ತು ಯಾರೂ ಬಂಡಿ ಅನ್ನೋದಿಲ್ಲ. ‘ಅಗ್ನಿಶಾಮಕ’ ದಳದ ಹೆಸರಿಗೆ ಇರಲಿ. ಪ್ರತಿ ಗಾಡಿಗೂ ಅದನ್ನು ಅಂಟಿಸಿದರೆ ವಾಕ್ಯ ಭಾರವಾಗುತ್ತೆ. ‘ಠಾಣೆ’ ಅಂದ ಕೂಡಲೇ ಕೆಲವರಿಗೆ ಪೊಲೀಸರ ನೆನಪಾಗಬಹುದು. ಅದು ‘ಸ್ಥಾನ’ದಿಂದ ಬಂದ ಪದ, ಬಳಕೆಯಲ್ಲೂ ಗಟ್ಟಿಯಾಗಿ ಕೂತಿದೆ. ಬದಲಾಯಿಸೋದು ಬೇಡ.

ನಿಜವಾಗಿ ಸಿಕ್ಕಿಹಾಕಿಕೊಂಡಿರೋದು ಎರಡು ಕಡೆ. ಒಂದು, ‘ಕ್ವಿಂಟ್’. ಪಂಪು, ತೊಟ್ಟಿ, ಕೊಳವೆ, ಮೇಲಿನ ಏಣಿ, ಕೈ ಏಣಿ ಈ ಐದೂ ಇರುವ ಗಾಡಿ. ‘ಐದಾಳು ಗಾಡಿ’ ಅಂದರೆ ಐದು ಜನ ಕೂರುವುದು ಅನ್ನಿಸುತ್ತೆ, ‘ಪಂಚಕ’ ಅಂದರೆ ಯಾರಿಗೂ ತಿಳಿಯೋದಿಲ್ಲ. ಇನ್ನೊಂದು, ‘ಇಂಜಿನ್ ಕಂಪನಿ’. ಅಂದರೆ ಗಾಡಿ ಮತ್ತು ಅದರಲ್ಲಿ ಬರುವ ಜನ ಸೇರಿ ಒಂದು ಘಟಕ. ಗಾಡಿ ರಿಪೇರಿಗೆ ಹೋದರೆ ಅದೇ ಜನ ಬೇರೆ ಗಾಡಿ ಹತ್ತುತ್ತಾರೆ, ರೇಡಿಯೋದಲ್ಲಿ ಆಗಲೂ ಅವರು ‘ಇಂಜಿನ್ 2’. ಕಂಪನಿ ಅಂದರೆ ನಮಗೆ ವ್ಯಾಪಾರ. ‘2ನೇ ಪಂಪು ತಂಡ’ ಅಂತ ಬರೆದಿಟ್ಟಿದ್ದೇನೆ. ಆದರೆ ‘ಪಂಪು ತಂಡ ಆರು ನಿಮಿಷದಲ್ಲಿ ಬಂತು’ ಅಂತ ಓದಿದಾಗ ಗಾಡಿಯೂ ಬಂತು ಅಂತ ನಿಮಗೆ ಅನ್ನಿಸುತ್ತಾ, ಇಲ್ಲವಾ? ಈ ಕೆಲಸದಲ್ಲಿ ಇರುವವರು ತಮ್ಮತಮ್ಮಲ್ಲಿ ಏನಂತಾರೆ ಅಂತ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.